ಮುಂಬೈಯಲ್ಲಿ ಮಂಡಿಯ ಲಿಗಮೆಂಟ್ ಹರಿದರೆ

ಭಾನುವಾರ ಶಿವಾಜಿ ಪಾರ್ಕಿನಲ್ಲಿ ಕ್ರಿಕೆಟ್. ರನ್ ಓಡುತ್ತಿದ್ದ ನನ್ನ ತಮ್ಮ ಗಕ್ಕನೆ ತಿರುಗಿದ. ಮಂಡಿಯೊಳಗೆ ಟಪ್ ಅಂತ ಸದ್ದಾಯಿತಂತೆ. ಸಂಜೆಗೆ ಮಂಡಿ ಊದಿ ಪ್ಯಾಂಟ್ ಏರಲಿಲ್ಲ. ಎಂಆರ್‌ಐ ಮಾಡಿಸಿದರೆ, ಎಸಿಎಲ್, ಅಂದರೆ ಮಂಡಿಯೊಳಗೆ ತೊಡೆ ಮೂಳೆಯನ್ನೂ ಕಾಲಿನ ಮೂಳೆಯನ್ನೂ ಹಿಡಿದಿಡುವ ಲಿಗಮೆಂಟ್ (ಗಟ್ಟಿ ಪಟ್ಟಿ), ಪೂರ್ತಿ ಹರಿದಿತ್ತು. ಆಮೇಲೆ ಓಡಾಡಿ ಕಲಿತದ್ದನ್ನು ಮುಂಬೈಯಲ್ಲಿರುವ ನಮ್ಮ ಕನ್ನಡದವರಿಗಾಗಿ ಬರೆಯುತ್ತಿದ್ದೇನೆ.

ಡಾಕ್ಟರು ಬರೆದುಕೊಡುವ ಮೊದಲ ಚೀಟಿ, ಅಂದರೆ ಕೇಸ್ ಪೇಪರ್, ಬಗ್ಗೆ ಜಾಗ್ರತೆ. ಯಾವತ್ತು, ಎಲ್ಲಿ, ಹೇಗೆ ಪೆಟ್ಟಾಯಿತು ಅಂತ ಡಾಕ್ಟರಿಗೆ ಬಿಡಿಸಿ ಹೇಳಿ ಬರೆಸಿಕೊಳ್ಳಿ. ಎಷ್ಟೋ ವಿಮೆ ಪಾಲಿಸಿಗಳಲ್ಲಿ ಲಿಗಮೆಂಟ್ ಆಪರೇಷನ್ನಿಗೆ ಎರಡು ವರ್ಷ ಕಾಯಬೇಕು ಅಂತಿರುತ್ತದೆ. ಅಪಘಾತದಿಂದ ಆಗಿದ್ದರೆ ಆ ಕಾಯುವಿಕೆ ಇರುವುದಿಲ್ಲ. ತಮ್ಮನ ಪೇಪರಿನಲ್ಲಿ ಬರೀ 'ಮಂಡಿ ನೋವು' ಅಂತ ಗೀಚಿದ್ದರು. ಸರಿ ಮಾಡಿಸಲು ಎರಡು ವಾರ ಅಲೆದೆವು. ಮಂಡಿಗೆ ಮರಾಠಿಯಲ್ಲಿ 'ಗುಡಘಾ', ಊತಕ್ಕೆ 'ಸೂಜ್' ಅಂತಾರೆ, ನೆನಪಿರಲಿ. ಕ್ಯಾಶ್‌ಲೆಸ್ (ಬಿಲ್ಲನ್ನು ವಿಮೆಯವರೇ ನೇರ ಕಟ್ಟುವುದು) ಆದರೆ ಆಸ್ಪತ್ರೆಯ ಟಿಪಿಎ ಡೆಸ್ಕಿನಲ್ಲಿ, ಅಂದರೆ ವಿಮೆಯ ಕೆಲಸ ನೋಡುವ ಕೌಂಟರಿನಲ್ಲಿ, ರೂಮ್ ಬಾಡಿಗೆಯ ಮಿತಿ ಕೇಳಿ. ಮಿತಿ ಮೀರಿದ ರೂಮ್ ಹಿಡಿದರೆ ಉಳಿದ ಬಿಲ್ಲಿನಲ್ಲೂ ಕಡಿತ ಬೀಳಬಹುದು.

ವಿಮೆ ಇಲ್ಲವಾ? ಪರೇಲಿನ ಕೆಇಎಂ, ಸಾಯನ್ ಆಸ್ಪತ್ರೆ, ನಾಯರ್, ಮೂರೂ ಪಾಲಿಕೆಯವು. ಕ್ಯೂ ಉದ್ದ, ಖರ್ಚು ಕಡಿಮೆ. ಮಹಾರಾಷ್ಟ್ರದ ರೇಷನ್ ಕಾರ್ಡ್ ಇದ್ದರೆ ರಾಜ್ಯ ಸರ್ಕಾರದ ಉಚಿತ ಚಿಕಿತ್ಸೆಯ ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆಗೆ ಆಸ್ಪತ್ರೆಯಲ್ಲಿ ನೆರವಾಗುವ 'ಆರೋಗ್ಯಮಿತ್ರ'ರನ್ನು ಹುಡುಕಿ, ಈ ಆಪರೇಷನ್ ಅದರಲ್ಲಿ ಸೇರುತ್ತದೆಯೇ ಅಂತ ಮೊದಲೇ ಕೇಳಿ. ಇಷ್ಟು ವರ್ಷ ಇಲ್ಲಿದ್ದೂ ಕಾರ್ಡ್ ಊರಲ್ಲೇ ಬಿಟ್ಟವರು ನಮ್ಮಲ್ಲಿ ಜಾಸ್ತಿ. ಊರಿನ ರೇಷನ್ ಕಾರ್ಡ್ ಇದಕ್ಕೆ ನಡೆಯುವುದಿಲ್ಲ.

ಆಪರೇಷನ್ನಿಗೆ ಸಾಮಾನ್ಯವಾಗಿ ಅವಸರ ಬೇಡ. ಊತ ಇಳಿದು, ಕಾಲು ಪೂರ್ತಿ ನೆಟ್ಟಗಾಗುವವರೆಗೆ ಫಿಸಿಯೋ ಮಾಡಿಸುತ್ತಾರೆ. ಆಮೇಲೆ ಸಣ್ಣ ತೂತುಗಳಿಂದ ಕ್ಯಾಮೆರಾ ಹಾಕಿ, ಹೆಚ್ಚಾಗಿ ನಿಮ್ಮದೇ ತೊಡೆಯ ಹಿಂಭಾಗದ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ತೆಗೆದು ಹೊಸ ಲಿಗಮೆಂಟ್ ಕೂರಿಸುತ್ತಾರೆ. ಅದನ್ನು ಹಿಡಿದಿಡುವ ಸ್ಕ್ರೂ, ಬಟನ್‌ಗಳ ಸ್ಟಿಕರ್ ಬಿಲ್ಲಿನ ಜೊತೆ ಕೇಳಿ ಪಡೆಯಿರಿ. ಕ್ಲೇಮಿಗೆ ಬೇಕಾಗುತ್ತದೆ.

ಮನೆಗೆ ಬಂದ ಮೇಲೆ ಅಮ್ಮ ಪ್ರೀತಿಯಿಂದ ಮಂಡಿ ಕೆಳಗೆ ದಿಂಬು ಇಟ್ಟರು. ಫಿಸಿಯೋ ಬಂದವರೇ ತೆಗೆಸಿದರು. ಹಾಗಿಟ್ಟರೆ ಮಂಡಿ ಬಾಗಿಯೇ ಬಿಗಿದುಕೊಳ್ಳುತ್ತದೆ. ಸುತ್ತಿದ ಟವೆಲ್ಲನ್ನು ಹಿಮ್ಮಡಿಯ ಕೆಳಗಿಡಬೇಕು. ನಮ್ಮದು ಲಿಫ್ಟ್ ಇಲ್ಲದ ಮೂರನೇ ಮಹಡಿ. ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ತಮ್ಮ ಗೊಣಗಿಕೊಂಡೇ ಎಣಿಸುತ್ತಾ ಇಳಿಯುತ್ತಿದ್ದ.

ಮೂರು ತಿಂಗಳಿಗೆ ನೋವು ಹೋಗಿ 'ಸರಿಯಾಯ್ತು' ಅನ್ನಿಸುತ್ತದೆ. ಒಳಗಿನ ಲಿಗಮೆಂಟ್ ಇನ್ನೂ ಗಟ್ಟಿಯಾಗಿರುವುದಿಲ್ಲ. ದಯವಿಟ್ಟು ಆಗ ಓಡುವ ಲೋಕಲ್ ಹಿಡಿಯಬೇಡಿ. ಮೈದಾನಕ್ಕೆ ಇಳಿಯಲು ಕಡಿಮೆಯೆಂದರೂ ಒಂಬತ್ತು ತಿಂಗಳು ಬೇಕು. ಅದೂ ಫಿಸಿಯೋ ಎರಡೂ ಕಾಲಿನ ಬಲ ಅಳೆದು, ಒಂಟಿಕಾಲಲ್ಲಿ ಹಾರಿಸಿ ನೋಡಿ ಒಪ್ಪಿದ ಮೇಲೆ.