ಕಸದ ಬಿಲ್ಲಿಗೆ ಸಹಿ ಹಾಕುವ ಮುನ್ನ

ಕಸದ ಗುತ್ತಿಗೆಯಲ್ಲಿ ಮೋಸ ಎಲ್ಲಿ ನಡೆಯುತ್ತದೆ ಎನ್ನುವುದು ಟೆಂಡರಿನ ದರಪಟ್ಟಿ ನೋಡಿದರೇ ಗೊತ್ತಾಗುತ್ತದೆ. ಟನ್ನಿಗಿಷ್ಟು ಎಂದು ದರ ಇಟ್ಟರೆ ಗಾಡಿಯಲ್ಲಿ ಮಣ್ಣು ತುಂಬಿ ಬರುತ್ತದೆ. ಗಾಡಿಗಿಷ್ಟು ಎಂದರೆ ಗಾಡಿ ಓಡುತ್ತದೆ, ಮನೆ ಮುಂದೆ ನಿಲ್ಲುವುದಿಲ್ಲ. ಆಳಿಗಿಷ್ಟು ಎಂದರೆ ಹಾಜರಿ ಪುಸ್ತಕದಲ್ಲಿ ಆಳು ಹೆಚ್ಚುತ್ತಾರೆ, ಓಣಿಯಲ್ಲಿ ಕಾಣುವುದಿಲ್ಲ. ಕಲಬುರಗಿ ಜಿಲ್ಲೆಯ ಒಂದು ಪುರಸಭೆಯ ಆರೋಗ್ಯ ಶಾಖೆಯಲ್ಲಿ ಈ ಮೂರೂ ನಮೂನೆಯ ಬಿಲ್‌ಗಳನ್ನು ತಪಾಸಣೆ ಮಾಡಿದ ಮೇಲೆ ನಾವು ರೂಢಿಸಿಕೊಂಡ ಕ್ರಮ ಇದು. ನಮ್ಮಲ್ಲಿ ರಸ್ತೆ ಗುಡಿಸುವ ಪೌರಕಾರ್ಮಿಕರು ಪುರಸಭೆಯವರೇ. ಆಟೋ ಟಿಪ್ಪರ್, ಅದರ ಚಾಲಕ, ಸಹಾಯಕ, ವಿಲೇವಾರಿ ಜಾಗದ ಕೆಲಸ ಗುತ್ತಿಗೆದಾರನದು. ವಾರ್ಡ್ 23, ಆಟೋ 12, ಟ್ರ್ಯಾಕ್ಟರ್ 2.

ಮೊದಲ ತಪಾಸಣೆ ಕಚೇರಿಯಲ್ಲೇ ಕುಳಿತು ಮಾಡುವಂಥದ್ದು. ಆಟೋ ಬೆಳಿಗ್ಗೆ 6ಕ್ಕೆ ಹೊರಟು ಮಧ್ಯಾಹ್ನ 12ಕ್ಕೆ ಮುಗಿಸುತ್ತದೆ ಎಂದರೆ ಕೈಯಲ್ಲಿರುವುದು 21,600 ಸೆಕೆಂಡು. ಎರಡು ಸಲ ವಿಲೇವಾರಿ ಜಾಗಕ್ಕೆ ಹೋಗಿಬರಲು ಒಂದೂವರೆ ಗಂಟೆ ಕಳೆದರೆ ಉಳಿಯುವುದು 16,200. ಒಂದು ಮನೆಗೆ 20 ಸೆಕೆಂಡು ಹಿಡಿದರೂ 810 ಮನೆ. ನಾವು ಒಂದು ಆಟೋಗೆ 750 ಮನೆ ಎಂದು ಗೆರೆ ಹಾಕಿದ್ದೇವೆ. ಒಂದೇ ಗಾಡಿಗೆ 1,400 ಮನೆ ಬರೆದ ಮಾರ್ಗಪಟ್ಟಿ ಮೇಜಿಗೆ ಬಂದರೆ, ಅರ್ಧ ಮನೆಗಳು ಪಟ್ಟಿಯಲ್ಲಿ ಮಾತ್ರ ಇವೆ ಎಂದೇ ಅರ್ಥ. ಕಾರ್ಯಾದೇಶಕ್ಕೆ ಮೊದಲೇ ಇದನ್ನು ಹಿಡಿಯಬೇಕು. ಆಮೇಲೆ ಕೇಳಿದರೆ 'ಒಪ್ಪಂದದಾಗ ಹಂಗೇ ಅದ ಸರ್' ಎಂಬ ಉತ್ತರ ಸಿದ್ಧವಿರುತ್ತದೆ.

ಓಣಿಯಲ್ಲಿ ಕೇಳುವಾಗ ಪ್ರಶ್ನೆ ಸರಿಯಾಗಿರಬೇಕು. 'ಗಾಡಿ ದಿನಾ ಬರ್ತದೇನ್ರಿ?' ಎಂದರೆ ಸಿಟ್ಟಿದ್ದವರು ಇಲ್ಲ ಅನ್ನುತ್ತಾರೆ, ಚಾಲಕನ ಪರಿಚಯದವರು ಹೌದು ಅನ್ನುತ್ತಾರೆ. 'ನಿನ್ನಿ ಬಂದಿತ್ತೇನ್ರಿ? ಎಷ್ಟೊತ್ತಿಗೆ? ನಿಂತಿತ್ತೇನ್ರಿ?' ಎಂದು ಮೂರು ಪ್ರಶ್ನೆ ಕೇಳುತ್ತೇವೆ. ಹೆಚ್ಚಾಗಿ ಸಿಗುವ ಉತ್ತರ: 'ಹಾಡು ಕೇಳಿಸ್ತು ರೀ, ಬುಟ್ಟಿ ತಗೊಂಡು ಹೊರಗ ಬರೋದ್ರಾಗ ಹೋಗಿಬಿಟ್ಟಿತ್ತು.' ಆಸ್ತಿ ತೆರಿಗೆ ಪಟ್ಟಿಯಿಂದ ವಾರ್ಡಿಗೆ 20 ಮನೆ ಸಂಖ್ಯೆಗಳನ್ನು ಚೀಟಿ ಎತ್ತಿ ಆರಿಸುತ್ತೇವೆ. ವಾರಕ್ಕೆ ಆರು ವಾರ್ಡ್ ಮುಗಿಯುತ್ತದೆ. ಮನೆ ಆರಿಸುವ ಕೆಲಸವನ್ನು ಪೌರಕಾರ್ಮಿಕರ ಮೇಲೆ ನಿಗಾ ಇಡುವ ಜಮಾದಾರನಿಗೆ ಬಿಡಬಾರದು, ಮುಖ್ಯ ರಸ್ತೆಯ ಮನೆಗಳೇ ಬರುತ್ತವೆ. ವಾರ್ಡ್ ಸದಸ್ಯರ ಸಹಿಯನ್ನು ಬಿಲ್ಲಿಗೆ ಕಡ್ಡಾಯ ಮಾಡಬೇಕೆಂಬ ಸಲಹೆ ಸಾಮಾನ್ಯ ಸಭೆಯಲ್ಲಿ ಪ್ರತಿ ವರ್ಷ ಬರುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಸಹಿ ಬೇಕೆಂದ ಕೂಡಲೇ ಸಹಿಗೊಂದು ಬೆಲೆ ಹುಟ್ಟುತ್ತದೆ. ಸದಸ್ಯರಿಗೆ ಆ ವಾರದ 20 ಮನೆಗಳ ಫಲಿತಾಂಶದ ಹಾಳೆ ಕೊಟ್ಟರೆ ಸಾಕು, ಅವರೇ ಸಭೆಯಲ್ಲಿ ಏಳುತ್ತಾರೆ.

ಇನ್ನು ಕಾಂಟಾ, ಅಂದರೆ ಗಾಡಿಯನ್ನೇ ಹತ್ತಿಸಿ ತೂಗುವ ವೇದಿಕೆ. ಹಣ ಸೋರುವುದು ಹೆಚ್ಚಾಗಿ ಇಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು.

ಆಟೋ ಟಿಪ್ಪರಿನ ಡಬ್ಬ ಸುಮಾರು 1.8 ಘನ ಮೀಟರ್. ಒತ್ತದೆ ತುಂಬಿದ ಮನೆ ಕಸ ಘನ ಮೀಟರಿಗೆ 300ರಿಂದ 400 ಕೆಜಿ ತೂಗುತ್ತದೆ. ಅಂದರೆ ತುಂಬಿದ ಆಟೋದ ನಿವ್ವಳ ತೂಕ 540ರಿಂದ 720 ಕೆಜಿ. ಏಪ್ರಿಲ್, ಮೇನಲ್ಲಿ ಕಲ್ಲಂಗಡಿ ಸಿಪ್ಪೆ, ಮಾವಿನ ಗೊರಟ, ಕಬ್ಬಿನ ಸಿಪ್ಪೆ ಬಂದಾಗ ಇನ್ನೂ ಸ್ವಲ್ಪ ಏರಬಹುದು. ಕಾಂಟಾದ ತೂಕದ ಚೀಟಿಯಲ್ಲಿ 1,050 ಕೆಜಿ ಎಂದಿದ್ದರೆ ಅದರಲ್ಲಿ ಗಟಾರದ ಹೂಳೋ ಮನೆ ಕೆಡವಿದ ಇಟ್ಟಂಗಿ ಚೂರೋ ಇದೆ. ಹಸಿ ಹೂಳು ಒಂದು ಬುಟ್ಟಿಗೆ 25 ಕೆಜಿ ಬರುತ್ತದೆ. ಹನ್ನೆರಡು ಬುಟ್ಟಿ ಅಡಿಯಲ್ಲಿ ಹಾಕಿ ಮೇಲೆ ಕಸ ಮುಚ್ಚಿದರೆ 300 ಕೆಜಿ ಪುಕ್ಕಟೆ. ನಮ್ಮ ಕಡೆ ಶಹಾಬಾದಿ ಫರ್ಸಿಯ (ನೆಲಹಾಸಿನ ಕಲ್ಲಿನ) ಚೂರು ಎಲ್ಲೆಂದರಲ್ಲಿ ಸಿಗುವುದರಿಂದ ಅದೂ ಸೇರುತ್ತದೆ. ಕಟ್ಟಡ ತ್ಯಾಜ್ಯಕ್ಕೆ ಬೇರೆ ದರ, ಬೇರೆ ಗಾಡಿ, ಬೇರೆ ಚೀಟಿ ಎಂದು ಒಪ್ಪಂದದಲ್ಲಿ ಬರೆಸದಿದ್ದರೆ ಈ ಜಗಳ ಮುಗಿಯುವುದೇ ಇಲ್ಲ.

ತುಂಬಿದ ತೂಕ, ಖಾಲಿ ತೂಕ ಎರಡನ್ನೂ ಪ್ರತಿ ಟ್ರಿಪ್ಪಿಗೆ ತೆಗೆಯಬೇಕು. ಖಾಲಿ ತೂಕವನ್ನು ಒಂದು ಸಲ ಬರೆದಿಟ್ಟು ಅದನ್ನೇ ಕಳೆಯುವ ಪದ್ಧತಿ ಬೇಸಿಗೆಯಲ್ಲಿ ಹೇಗೋ ನಡೆಯುತ್ತದೆ, ಮಳೆಗಾಲದಲ್ಲಿ ನಡೆಯುವುದಿಲ್ಲ. ಎರೆಮಣ್ಣು ಗಾಲಿಗೂ ಚಾಸಿಗೂ ಅಂಟಿ ಗಾಡಿಯೇ ಭಾರವಾಗುತ್ತದೆ, ಆ ಮಣ್ಣಿನ ತೂಕಕ್ಕೂ ನಾವೇ ದುಡ್ಡು ಕೊಡುತ್ತೇವೆ. ಆದರೆ ಕಾಂಟಾ ಇರುವುದು ವಿಲೇವಾರಿ ಜಾಗದ ಬಾಗಿಲಲ್ಲಾದರೆ ಲೆಕ್ಕ ತಿರುವುಮುರುವಾಗುತ್ತದೆ: ಡಾಂಬರು ರಸ್ತೆಯಿಂದ ಬಂದು ತುಂಬಿದ ತೂಕ ಕೊಟ್ಟ ಗಾಡಿ, ಒಳಗೆ ರಾಡಿಯಲ್ಲಿ ಓಡಾಡಿ ಮಣ್ಣು ಮೆತ್ತಿಕೊಂಡು ಖಾಲಿ ತೂಕಕ್ಕೆ ಬರುತ್ತದೆ, ನಷ್ಟ ಗುತ್ತಿಗೆದಾರನಿಗೆ. ಅವನು ಅದನ್ನು ಹೂಳಿನಿಂದ ತುಂಬಿಕೊಳ್ಳುತ್ತಾನೆ. ಅದಕ್ಕೇ ನಾವು ಒಳಗಿನ 60 ಮೀಟರ್ ದಾರಿಗೆ ಗರಸು ಹಾಕಿಸಿದೆವು. ಜಗಳ ಅರ್ಧಕ್ಕೆ ಇಳಿಯಿತು.

ಚೀಟಿ ನೋಡುವಾಗ ಕಣ್ಣಿಗೆ ಬೀಳಬೇಕಾದವು: ತುಂಬಿದ ತೂಕಕ್ಕೂ ಖಾಲಿ ತೂಕಕ್ಕೂ ನಡುವೆ ಎಂಟು ನಿಮಿಷಕ್ಕಿಂತ ಕಡಿಮೆ ಇದ್ದರೆ ಗಾಡಿ ಕಸ ಸುರಿದಿಲ್ಲ. ಒಂದೇ ಗಾಡಿಗೆ ಮೂರು ದಿನ 680, 680, 680 ಬಂದಿದ್ದರೆ ಯಾರೋ ಕುಳಿತು ಟೈಪ್ ಮಾಡಿದ್ದಾರೆ. ಚೀಟಿಯ ಕ್ರಮಸಂಖ್ಯೆಯಲ್ಲಿ ನಡುವೆ ಒಂದು ಕಾಣೆಯಾಗಿದ್ದರೆ ಅದು ಎಲ್ಲಿ ಹೋಯಿತೆಂದು ಕೇಳಬೇಕು. ತುಂಬಿದ ತೂಕಕ್ಕೆ ಚಾಲಕ, ಸಹಾಯಕ ಇಬ್ಬರೂ ಗಾಡಿಯಲ್ಲಿ ಕುಳಿತು, ಖಾಲಿ ತೂಕಕ್ಕೆ ಇಳಿದರೆ 120 ಕೆಜಿ ಲಾಭ. ದಿನಕ್ಕೆ 24 ಟ್ರಿಪ್ ಎಂದರೆ ಸುಮಾರು ಮೂರು ಟನ್ ಮನುಷ್ಯರನ್ನೇ ತೂಗಿ ಬಿಲ್ ಮಾಡಿದಂತಾಯಿತು. ಎರಡೂ ಸಲ ಇಳಿಯಬೇಕು ಎಂದು ಬಾಗಿಲಲ್ಲಿ ಬರೆಸಿ, ಕ್ಯಾಮೆರಾದಲ್ಲಿ ನಂಬರ್ ಪ್ಲೇಟಿನ ಜೊತೆ ಚಾಲಕನ ಸೀಟೂ ಕಾಣುವಂತೆ ಇಟ್ಟಿದ್ದೇವೆ.

ಕಾಂಟಾಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ವರ್ಷಕ್ಕೊಮ್ಮೆ ಆಗಲೇಬೇಕು. ನಡುವೆ ನಾವೇ ಮಾಡುವ ಪರೀಕ್ಷೆ ಸರಳ: ಒಂದೇ ಗಾಡಿಯನ್ನು ವೇದಿಕೆಯ ಮುಂದಿನ ತುದಿ, ನಡು, ಹಿಂದಿನ ತುದಿ ಮೂರೂ ಕಡೆ ನಿಲ್ಲಿಸಿ ಓದುವುದು. ವ್ಯತ್ಯಾಸ 20 ಕೆಜಿ ಮೀರಿದರೆ ವೇದಿಕೆಯ ಅಡಿ ನೋಡಬೇಕು. ಹತ್ತರಲ್ಲಿ ಎಂಟು ಸಲ ಕಲ್ಲು ಸಿಕ್ಕಿಕೊಂಡಿರುತ್ತದೆ, ಇಲ್ಲವೇ ರಾಡಿ ತುಂಬಿರುತ್ತದೆ.

ಬೇರ್ಪಡಿಸಿದ ಕಸ ತರಬೇಕು ಎನ್ನುವ ಷರತ್ತನ್ನು ಅಳೆಯದೆ ದಂಡ ಹಾಕಿದರೆ ನಿಲ್ಲುವುದಿಲ್ಲ. ವಾರಕ್ಕೆ ಎರಡು ಆಟೋ ಆರಿಸಿ ಅವುಗಳ ಹಸಿ ಖಾನೆಯ ಕಸವನ್ನು ಕಾಂಕ್ರೀಟ್ ಕಟ್ಟೆಯ ಮೇಲೆ ಸುರಿಸುತ್ತೇವೆ. ಸಲಿಕೆಯಿಂದ ಗುಡ್ಡೆ ಮಾಡಿ, ಚಪ್ಪಟೆ ಮಾಡಿ, ನಾಲ್ಕು ಭಾಗ ಹಾಕಿ, ಎದುರುಬದುರಿನ ಎರಡು ಭಾಗ ತೆಗೆದುಹಾಕುವುದು. ಸುಮಾರು 100 ಕೆಜಿ ಉಳಿಯುವತನಕ ಹೀಗೇ. ಆಮೇಲೆ ನಾಲ್ಕು ಟಬ್: ಹಸಿ, ಒಣ, ಪ್ಯಾಡ್ ಡೈಪರ್ ಔಷಧಿಯಂಥವು, ಮಣ್ಣು ಕಲ್ಲು. ಕೈಗವಸು, ಬೂಟು ಹಾಕಿದ ಮೂವರಿಗೆ ಮುಕ್ಕಾಲು ಗಂಟೆಯ ಕೆಲಸ. ಸುರಿದ ತಕ್ಷಣ ಮಾಡಬೇಕು. ಮಧ್ಯಾಹ್ನಕ್ಕೆ ಬಿಟ್ಟರೆ ಹಸಿಯ ನೀರನ್ನು ಕಾಗದ ಕುಡಿದು ಒಣ ಕಸದ ತೂಕ ಸುಳ್ಳಾಗುತ್ತದೆ. ಹಸಿ ಖಾನೆಯಲ್ಲಿ ಒಣ ಕಸ ಶೇ 10 ಮೀರಿದರೆ ಆ ಗಾಡಿಯ ಆ ದಿನದ ದರದಲ್ಲಿ ಕಡಿತ. ಗುತ್ತಿಗೆದಾರನ ಮೇಲ್ವಿಚಾರಕ ಎದುರಿಗಿರಬೇಕು, ತೂಕದ ಹಾಳೆಗೆ ಅವನ ಸಹಿಯೂ ಬೇಕು.

ಜಿಪಿಎಸ್ ಬಗ್ಗೆ ಇಷ್ಟೇ: ನಕ್ಷೆಯಲ್ಲಿ ಗೆರೆ ಕಂಡರೆ ಸಾಲದು, ವೇಗ ನೋಡಬೇಕು. ಕಸ ಎತ್ತುವ ಗಾಡಿ ಇಪ್ಪತ್ತು ಮೂವತ್ತು ಮೀಟರಿಗೊಮ್ಮೆ ನಿಲ್ಲುತ್ತದೆ. ನಿಲ್ಲದೆ 25 ಕಿ.ಮೀ. ವೇಗದಲ್ಲಿ ವಾರ್ಡ್ ಸುತ್ತಿದ್ದರೆ ಪೆಟ್ಟಿಗೆ ಬಿಚ್ಚಿ ಬೈಕಿನ ಮೇಲೆ ತಿರುಗಿಸಿದ್ದಾರೆ.

ಸಂಬಳದ ಕಾಗದಗಳಲ್ಲಿ ಹೆಚ್ಚಿನ ಕಚೇರಿಗಳು ಪಿಎಫ್, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಹಣ ಕಟ್ಟಿದ ಚಲನ್ ಇದೆಯೇ ಎಂದಷ್ಟೇ ನೋಡುತ್ತವೆ. ಚಲನ್ ಇರುತ್ತದೆ, ಆದರೆ ಅದರೊಳಗಿನ ಹೆಸರುಗಳು ಬೇರೆ ಊರಿನ ಗುತ್ತಿಗೆಯವು. ಪಿಎಫ್‌ಗೆ ಕಾರ್ಮಿಕನಿಂದ ಶೇ 12, ಮಾಲೀಕನಿಂದ ಶೇ 12. ಇಎಸ್‌ಐಗೆ ಕಾರ್ಮಿಕನಿಂದ ಶೇ 0.75, ಮಾಲೀಕನಿಂದ ಶೇ 3.25. ಮೊತ್ತ ಸರಿಹೊಂದಿದರೆ ಸಾಲದು. ಹಾಜರಿಯ 26 ಹೆಸರು, ಬ್ಯಾಂಕಿಗೆ ಹೋದ 26 ಸಂಬಳ, ಪಿಎಫ್ ಪಟ್ಟಿಯ 26 ಯುಎಎನ್ (ಪ್ರತಿ ಕಾರ್ಮಿಕನಿಗೂ ಇರುವ ಪಿಎಫ್) ಸಂಖ್ಯೆ ಮೂರನ್ನೂ ಪಕ್ಕಪಕ್ಕ ಇಟ್ಟು ಟಿಕ್ ಹಾಕಬೇಕು. ತಿಂಗಳಿಗೆ ಐದು ಜನರನ್ನು ಕರೆದು ಅವರ ಮೊಬೈಲಿನಲ್ಲೇ ಪಾಸ್‌ಬುಕ್ ತೆರೆಸಿ ನೋಡುತ್ತೇವೆ. ಇನ್ನೊಂದು ಚಾಳಿ, ಸಂಬಳ ಖಾತೆಗೆ ಹಾಕಿ ಎಟಿಎಂ ಕಾರ್ಡನ್ನು ಮೇಲ್ವಿಚಾರಕನೇ ಇಟ್ಟುಕೊಳ್ಳುವುದು. ಅದು ಕಾಗದದಲ್ಲಿ ಎಂದೂ ಸಿಗುವುದಿಲ್ಲ, 'ಕಾರ್ಡ್ ಎಲ್ಲಿದೆ?' ಎಂದು ಕೇಳಿದಾಗ ಅವರು ಅತ್ತಿತ್ತ ನೋಡುವುದರಲ್ಲಿ ಸಿಗುತ್ತದೆ. ಗುತ್ತಿಗೆದಾರ ಪಿಎಫ್ ಕಟ್ಟದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೆಂದು ಆ ಬಾಕಿ ಪುರಸಭೆಯ ಕೊರಳಿಗೇ ಬರುತ್ತದೆ.

ದಂಡದ ಲೆಕ್ಕವನ್ನು ಹೊಸದಾಗಿ ಮಾಡಬೇಕಾಗಿ ಬಂದದ್ದು ಒಂದು ಸಣ್ಣ ಕಾರಣಕ್ಕೆ. ಹಳೆಯ ಒಪ್ಪಂದದಲ್ಲಿ ಗಾಡಿ ಬರದ ದಿನಕ್ಕೆ ಆ ದಿನದ ದರ ಕಡಿತ ಎಂದಷ್ಟೇ ಇತ್ತು. ಗಾಡಿ ನಿಂತರೆ ಡೀಸೆಲ್ ಉಳಿಯಿತು, ದಿನಗೂಲಿಯ ಚಾಲಕನ ಕೂಲಿ ಉಳಿಯಿತು. ನಿಲ್ಲಿಸಿದವನಿಗೆ ನಷ್ಟವೇನೂ ಇಲ್ಲ. ಈಗ ದಿನದ ದರದ ಒಂದೂವರೆ ಪಟ್ಟು. ಬೆಳಿಗ್ಗೆ 7ರೊಳಗೆ ಬದಲಿ ಗಾಡಿ ಕಳಿಸಿದರೆ ಕಡಿತವಿಲ್ಲ. 'ಅಧಿಕಾರಿಗಳು ನಿರ್ಧರಿಸಿದಷ್ಟು ದಂಡ' ಎಂಬ ಸಾಲನ್ನು ಯಾವ ಒಪ್ಪಂದದಲ್ಲೂ ಬಿಡಬೇಡಿ, ವಾದದಲ್ಲಿ ಮೊದಲು ಬೀಳುವುದು ಅದೇ. ತಪ್ಪು ಕಂಡ 24 ಗಂಟೆಯೊಳಗೆ ಫೋಟೋ ಸಹಿತ ನೋಟಿಸ್, ಉತ್ತರಕ್ಕೆ ಮೂರು ದಿನ. ತಿಂಗಳ ಕೊನೆಗೆ ಒಟ್ಟಿಗೆ ದಂಡ ಬರೆದರೆ ಯಾವ ದಿನದ್ದು ಎಂದು ಅವನಿಗೂ ನೆನಪಿರುವುದಿಲ್ಲ, ನಮಗೂ ಇರುವುದಿಲ್ಲ.

ವಿಲೇವಾರಿ ಜಾಗದಲ್ಲಿ ಒಳಗೆ ಬಂದದ್ದಕ್ಕೂ ಹೊರಗೆ ಹೋದದ್ದಕ್ಕೂ ತಾಳೆ ನೋಡಬೇಕು. ನೂರು ಕೆಜಿ ಹಸಿ ಕಸದಿಂದ 15ರಿಂದ 20 ಕೆಜಿ ಗೊಬ್ಬರ ಬರುತ್ತದೆ. ತಿಂಗಳಿಗೆ 150 ಟನ್ ಹಸಿ ಕಸ ಎಂದು ಬಿಲ್ ಮಾಡಿ, ಗೊಬ್ಬರ ನಾಲ್ಕು ಟನ್ ತೋರಿಸಿದರೆ ಉಳಿದದ್ದು ರಾಶಿಯಲ್ಲೇ ಬಿದ್ದಿದೆ ಅಥವಾ ಬಂದೇ ಇಲ್ಲ. ಮಾರಾಟವಾಗದ ಪ್ಲಾಸ್ಟಿಕ್ಕನ್ನು ಉರುವಲಾಗಿ ಕೊಡಲು ನಮ್ಮ ಕಡೆ ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳ ಗೂಡು ಹತ್ತಿರವಿದೆ. ಆದರೆ ಮಣ್ಣು ಜಾಡಿಸಿ, ಒಣಗಿಸಿ, ಪಿವಿಸಿ ಪೈಪು, ಚಪ್ಪಲಿ ತೆಗೆದು ಕೊಡಬೇಕು. ಪಿವಿಸಿಯ ಕ್ಲೋರಿನ್ ಗೂಡಿಗೆ ಆಗದು. ಸಾಗಿಸಿದ್ದಕ್ಕೆ ಗುತ್ತಿಗೆದಾರನ ಪತ್ರ ಸಾಲದು, ಕಾರ್ಖಾನೆಯ ಗೇಟಿನ ತೂಕದ ಚೀಟಿಯೇ ಬೇಕು. ಚೀಟಿ ಇಲ್ಲದೆ ಪ್ಲಾಸ್ಟಿಕ್ ರಾಶಿ ಕರಗಿದ್ದರೆ ಬೂದಿ ಹುಡುಕಿ. ಬಯಲಿನಲ್ಲಿ ಕಸ ಸುಟ್ಟರೆ 5,000 ರೂಪಾಯಿ, ಭಾರೀ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ.

ಇಷ್ಟೆಲ್ಲ ಮಾಡಿಯೂ ತಪಾಸಣೆ ಕುಸಿಯುವುದು ನಮ್ಮ ಕಡೆಯಿಂದಲೇ. ಬಿಲ್ ಮೂರು ತಿಂಗಳು ಮೇಜಿನ ಮೇಲೆ ಕುಳಿತರೆ ಗುತ್ತಿಗೆದಾರ ಸಾಲ ಮಾಡಿ ಸಂಬಳ ಕೊಡುತ್ತಾನೆ, ಆಮೇಲೆ ಕೊಡುವುದಿಲ್ಲ, ಗಾಡಿ ನಿಲ್ಲುತ್ತದೆ. ಆಗ ದಂಡ ಹಾಕಲು ಹೋದವನಿಗೆ 'ಮೊದಲ ನಮ್ಮ ಬಾಕಿ ಕೊಡ್ರಿ' ಎಂಬ ಒಂದೇ ಮಾತು ಸಾಕು. ಹೀಗಾಗಿ ಬಿಲ್ ವಹಿಯಲ್ಲಿ ಗುತ್ತಿಗೆದಾರನ ತಪ್ಪುಗಳ ಅಂಕಣದ ಪಕ್ಕದಲ್ಲೇ ನಮ್ಮದೊಂದು ಅಂಕಣ ಇಟ್ಟಿದ್ದೇವೆ: ಬಿಲ್ ಬರುವುದು ತಿಂಗಳ 5ನೇ ತಾರೀಖು, ಆರೋಗ್ಯ ಶಾಖೆಯ ತಪಾಸಣೆ 12, ಲೆಕ್ಕ ಶಾಖೆ 16, ಪಾವತಿ 20. ತಡವಾದ ಕಡೆ ತಡ ಮಾಡಿದ ಶಾಖೆಯ ಹೆಸರು ಕೆಂಪು ಶಾಯಿಯಲ್ಲಿ.