ಆಷಾಢದಲ್ಲಿ ಏಷ್ಯಾ ಓದಿದ್ದು

ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಭಾನುವಾರ ಛತ್ರಕ್ಕೆ ಓಡುವ ಗಡಿಬಿಡಿಯೂ ಇಲ್ಲ. ಒಂದು ತಿಂಗಳು ಪೂರ್ತಿ ಏಷ್ಯಾದ ಲೇಖಕರನ್ನೇ ಓದಬೇಕು ಅಂದುಕೊಂಡಾಗ ನಾನು ಆಷಾಢವನ್ನೇ ಹಿಡಿದೆ. ಸಂಜೆ ಮಳೆ ಬೇರೆ. ಬೆಂಗಳೂರಿನಲ್ಲಿ ಓದುವುದಕ್ಕೆ ಇದಕ್ಕಿಂತ ಒಳ್ಳೆ ತಿಂಗಳು ನನಗಂತೂ ಕಂಡಿಲ್ಲ.

ಏಷ್ಯಾನೇ ಯಾಕೆ ಅಂತ ಆಫೀಸಿನಲ್ಲಿ ಕೇಳಿದರು. ಕಾಲೇಜಿನಿಂದ ಇಲ್ಲಿಯವರೆಗೆ ನಾನು ಓದಿದ ಹೊರದೇಶದ ಕಾದಂಬರಿಗಳೆಲ್ಲ ಇಂಗ್ಲೆಂಡು, ರಷ್ಯಾ, ಅಮೆರಿಕದವು. ಲಂಡನ್ನಿನ ಮಂಜು ಗೊತ್ತು, ಪೀಟರ್ಸ್‌ಬರ್ಗಿನ ಚಳಿ ಗೊತ್ತು. ಜಾವಾ ದ್ವೀಪದ ಸಕ್ಕರೆ ಫ್ಯಾಕ್ಟರಿ ಗೊತ್ತಿರಲಿಲ್ಲ. ನಾನು ಮಂಡ್ಯದ ಮನೆಯ ಸೊಸೆ. ಮೊದಲು ಗೊತ್ತಾಗಬೇಕಿದ್ದದ್ದು ಅದೇ ಅಲ್ವಾ?

ಪಟ್ಟಿ ಮಾಡಲು ಕೂತರೆ ತಲೆ ತಿರುಗುತ್ತದೆ. ಜಪಾನಿನಿಂದ ಟರ್ಕಿಯವರೆಗೆ ಏಷ್ಯಾನೇ. ದೇಶಕ್ಕೊಂದು ಪುಸ್ತಕ ಅಂತ ಹೊರಟರೆ ವರ್ಷವೂ ಸಾಲದು. ಅದಕ್ಕೇ ಒಂದು ಪ್ರಶ್ನೆ ಇಟ್ಟುಕೊಂಡೆ. ಮನೆಯೊಳಗಿನ ಹೆಂಗಸು "ನನ್ನಿಂದಾಗಲ್ಲ" ಅಂದರೆ ಮನೆಯವರು ಏನು ಮಾಡುತ್ತಾರೆ? ಈ ಪ್ರಶ್ನೆಗೆ ಉತ್ತರ ಕೊಡುವ ಪುಸ್ತಕಗಳನ್ನಷ್ಟೇ ತೆಗೆದುಕೊಂಡೆ. ಇಂಡೊನೇಷ್ಯಾ, ಕೊರಿಯಾ, ಜಪಾನ್, ಒಮಾನ್, ಕೊನೆಗೆ ನಮ್ಮ ಹಾಸನ. ಒಮಾನ್ ಸೇರಿಸಿದ್ದು ಬೇಕಂತಲೇ. ಏಷ್ಯಾ ಅಂದ ಕೂಡಲೇ ನಮ್ಮ ಮನಸ್ಸು ಚೀನಾ, ಜಪಾನಿನ ಕಡೆ ಓಡುತ್ತದೆ. ಅರಬ್ಬರ ನಾಡೂ ಏಷ್ಯಾದಲ್ಲೇ ಇದೆ ಅನ್ನೋದು ನೆನಪಾಗುವುದಿಲ್ಲ.

ಪುಸ್ತಕಕ್ಕೆ ಚರ್ಚ್ ಸ್ಟ್ರೀಟ್ ಇದ್ದೇ ಇದೆ. ಬ್ಲಾಸಮ್, ಬುಕ್‌ವರ್ಮ್ ಎರಡರಲ್ಲೂ ಸೆಕೆಂಡ್ ಹ್ಯಾಂಡ್ ಸಾಲುಗಳಲ್ಲಿ ನಿಧಾನವಾಗಿ ಹುಡುಕಿದರೆ ಬೇಕಾದ್ದು ಸಿಗುತ್ತದೆ. ನನಗೆ ಸಿಕ್ಕಿದ್ದೆಲ್ಲ ಇಂಗ್ಲಿಷ್ ಅನುವಾದಗಳು. ಓದಿದ್ದು ಹೆಚ್ಚಾಗಿ ಮೆಟ್ರೋದಲ್ಲಿ. ವಿಜಯನಗರದಲ್ಲಿ ಹತ್ತಿದರೆ ಮೆಜೆಸ್ಟಿಕ್ ದಾಟುವವರೆಗೆ ನಿಂತೇ ಓದಬೇಕು. ಒಂದು ಕೈಯಲ್ಲಿ ಹಿಡಿಯುವಂಥ ತೆಳ್ಳನೆ ಪುಸ್ತಕ ಮೆಟ್ರೋಗೆ, ದಪ್ಪದ್ದು ಮನೆಗೆ. ಇಷ್ಟು ಸಾಕು, ಬೇರೆ ಯಾವ ವೇಳಾಪಟ್ಟಿಯೂ ಬೇಡ.

ನಿಜವಾಗಿ ಓದು ಬದಲಾದದ್ದು ಅತ್ತೆಯಿಂದ. ಶುರುವಿನಲ್ಲೇ ಒಂದು ಸಂಜೆ ಅವರು ಸೊಪ್ಪು ಬಿಡಿಸುತ್ತಾ ಕೂತಿದ್ದರು. "ಏನಮ್ಮ ಅದು, ಬಿಡದೇ ಓದ್ತಿದ್ದೀಯ?" ಅಂದರು. ಪ್ರಮುದ್ಯ ಅನಂತ ತೂರ್ ಬರೆದ ‘ದಿಸ್ ಅರ್ತ್ ಆಫ್ ಮ್ಯಾನ್‌ಕೈಂಡ್’. ನಾನೂ ಸೊಪ್ಪಿಗೆ ಕೈಹಾಕಿ ಕಥೆ ಹೇಳಲು ಕೂತೆ. 1898ರ ಸುಮಾರಿನ ಜಾವಾ, ಡಚ್ಚರ ಆಳ್ವಿಕೆ. ಸಕ್ಕರೆ ಫ್ಯಾಕ್ಟರಿಯ ಗುಮಾಸ್ತನೊಬ್ಬನಿಗೆ ಬಡ್ತಿಯ ಆಸೆ. ಸಂಬಳ ಬಟವಾಡೆ ಮಾಡುವ ಹುದ್ದೆ ಬೇಕು ಅವನಿಗೆ. ಅದಕ್ಕಾಗಿ ಸನಿಕೆಮ್ ಅನ್ನೋ ತನ್ನ ಎಳೇ ವಯಸ್ಸಿನ ಮಗಳನ್ನು ಡಚ್ ಮೇಲಧಿಕಾರಿಗೆ ಒಪ್ಪಿಸಿಬಿಡುತ್ತಾನೆ. ಮದುವೆ ಅಲ್ಲ. ಇಟ್ಟುಕೊಂಡವಳು. ಅಂಥವರನ್ನು ಅಲ್ಲಿ ‘ನ್ಯಾಯಿ’ ಅನ್ನುತ್ತಿದ್ದರು.

ಅತ್ತೆಯ ಕೈ ನಿಂತಿತು. "ಅಪ್ಪನೇ?" ಅಂದರು.

1933ರಲ್ಲಿ ಶುರುವಾದ ಮಂಡ್ಯದ ಸಕ್ಕರೆ ಕಾರ್ಖಾನೆಯ ಆಸುಪಾಸಿನಲ್ಲೇ ಬೆಳೆದವರು ಅವರು. ಕಬ್ಬಿನ ಗಾಡಿಗಳ ಸಾಲು, ತೂಕ ಹಾಕಿಸಲು ಕಾಯುವುದು, ಫ್ಯಾಕ್ಟರಿ ಕೆಲಸ ಅಂದರೆ ಜನ ಕೊಡುತ್ತಿದ್ದ ಮರ್ಯಾದೆ, ಎಲ್ಲ ಕಣ್ಣಾರೆ ಕಂಡವರು. ಆ ಗುಮಾಸ್ತನ ಆಸೆ ಎಂಥದ್ದು ಅಂತ ನನಗಿಂತ ಜಾಸ್ತಿ ಅವರಿಗೇ ಅರ್ಥವಾಯಿತು. ಸನಿಕೆಮ್ ಡಚ್ ಕಲಿತು, ಲೆಕ್ಕಪತ್ರ ಕಲಿತು, ಇಡೀ ವ್ಯವಹಾರ ತಾನೇ ನಡೆಸುತ್ತಾಳೆ, ತಂದೆತಾಯಿಯ ಮುಖ ನೋಡಲು ಒಪ್ಪುವುದಿಲ್ಲ ಅಂದಾಗ, "ಸರಿಯಾಗಿ ಮಾಡಿದಳು" ಅಂದರು. ಆದರೆ ಕಾನೂನು ಅವಳನ್ನು ಹೆತ್ತ ಮಗಳಿಗೆ ತಾಯಿ ಅಂತಲೂ ಒಪ್ಪುವುದಿಲ್ಲ. ಅಲ್ಲಿಗೆ ಬಂದಾಗ ಅತ್ತೆ ಎದ್ದು ಒಳಗೆ ಹೋದರು.

ಅವತ್ತಿನಿಂದ ಓದಿದ್ದನ್ನು ಸಂಜೆ ಕನ್ನಡದಲ್ಲಿ ಹೇಳುವುದು ರೂಢಿಯಾಯಿತು. ಪುಸ್ತಕ ನೋಡಿಕೊಂಡು ಹೇಳುವ ಹಾಗಿಲ್ಲ. ಹೇಳುವಾಗ ಎಲ್ಲಿ ತಡವರಿಸುತ್ತೇನೋ ಅದು ನನಗೆ ಅರ್ಥವಾಗಿಲ್ಲ ಅಂತಲೇ ಲೆಕ್ಕ. ರಾತ್ರಿ ಆ ಪುಟಗಳನ್ನು ಮತ್ತೆ ಓದುತ್ತಿದ್ದೆ. ಟಿಪ್ಪಣಿ ಬರೆದುಕೊಂಡು ಓದಿದಾಗಲೂ ನನಗೆ ಇಷ್ಟು ಆಳಕ್ಕೆ ಇಳಿದಿರಲಿಲ್ಲ. ಈ ಕಾದಂಬರಿಯೇ ಹಾಗೆ ಹುಟ್ಟಿದ್ದು. ಪ್ರಮುದ್ಯ ಅವರನ್ನು ವಿಚಾರಣೆಯಿಲ್ಲದೆ ಬುರು ದ್ವೀಪದಲ್ಲಿ ಸೆರೆ ಇಟ್ಟಿದ್ದರು. ಬರೆಯಲು ಬಿಡದ ಕಾಲದಲ್ಲಿ ಅವರು ಜೊತೆಯ ಕೈದಿಗಳಿಗೆ ಈ ಕಥೆಯನ್ನು ಬಾಯಲ್ಲೇ ಹೇಳಿದರು. 1979ರಲ್ಲಿ ಬಿಡುಗಡೆ, 1980ರಲ್ಲಿ ಪುಸ್ತಕ, 1981ರಲ್ಲಿ ನಿಷೇಧ. ಇದನ್ನು ಹೇಳಿದಾಗ ಅತ್ತೆಗೆ ಆ ಲೇಖಕರ ಮೇಲೆ ಬಂದ ಗೌರವ ದೊಡ್ಡದು.

ಹಾನ್ ಕಾಂಗ್ ಅವರ ‘ದಿ ವೆಜಿಟೇರಿಯನ್’ ಹೇಳುವುದು ಹೇಗೆ ಅಂತ ನನಗೆ ಅಳುಕಿತ್ತು. 2007ರಲ್ಲಿ ಕೊರಿಯನ್ ಭಾಷೆಯಲ್ಲಿ ಬಂದದ್ದು, ಇಂಗ್ಲಿಷಿಗೆ ಬಂದ ಮೇಲೆ 2016ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದದ್ದು. 2024ರಲ್ಲಿ ಲೇಖಕಿಗೆ ನೊಬೆಲ್ ಬಂತು. ಯೋಂಗ್‌ಹೇ ಅನ್ನೋ ಗೃಹಿಣಿ ಒಂದು ದಿನ ಫ್ರಿಜ್ಜಿನಲ್ಲಿದ್ದ ಮಾಂಸವನ್ನೆಲ್ಲ ತೆಗೆದು ಎಸೆಯುತ್ತಾಳೆ. ಯಾಕೆ ಅಂದರೆ "ಕನಸು ಬಿತ್ತು" ಅನ್ನುತ್ತಾಳೆ. ಅಷ್ಟೇ. ಮನೆಮಂದಿಯೆಲ್ಲ ಸೇರಿ ಊಟಕ್ಕೆ ಕೂತಾಗ ತಿನ್ನು ತಿನ್ನು ಅಂತ ಒತ್ತಾಯ ಶುರುವಾಗುತ್ತದೆ. ಅಮ್ಮ ಹೇಳುತ್ತಾಳೆ, ಅಕ್ಕ ಹೇಳುತ್ತಾಳೆ. ಕೊನೆಗೆ ಅಪ್ಪ ಕೆನ್ನೆಗೆ ಹೊಡೆದು, ಬಾಯಿ ಬಿಡಿಸಿ, ಮಾಂಸ ತುರುಕುತ್ತಾನೆ. ಅವಳು ಚಾಕು ತೆಗೆದುಕೊಂಡು ಕೈ ಕುಯ್ದುಕೊಳ್ಳುತ್ತಾಳೆ.

ನಮ್ಮದು ಬಾಡೂಟದ ಮನೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ ಮಾತು ಯಾವ ವಿಮರ್ಶೆಯಲ್ಲೂ ನಾನು ನೋಡಿಲ್ಲ. "ಕನಸಲ್ಲಿ ದೇವರು ಬಂದು ಬೇಡ ಅಂದ ಅಂತ ಹೇಳಿದ್ದರೆ ಯಾರೂ ಅವಳ ತಂಟೆಗೆ ಬರ್ತಿರಲಿಲ್ಲ. ನಾವೆಲ್ಲ ಹಂಗೇ ತಾನೆ ಬಿಡೋದು. ಸೋಮವಾರ ಅಂತೀವಿ, ಶ್ರಾವಣ ಅಂತೀವಿ, ಹರಕೆ ಅಂತೀವಿ. ನನಗೆ ಬೇಡ ಅಂತ ಯಾವತ್ತು ಅಂದಿದ್ದೀವಿ?"

ನಾನು ಪುಸ್ತಕಕ್ಕೆ ವಾಪಸು ಹೋದೆ. ಕಾದಂಬರಿ ಮೂರು ಭಾಗ. ಗಂಡ, ಭಾವ, ಅಕ್ಕ, ಒಂದೊಂದು ಭಾಗ ಒಬ್ಬೊಬ್ಬರ ಕಣ್ಣಿನಲ್ಲಿ ಬರುತ್ತದೆ. ಯೋಂಗ್‌ಹೇಗೆ ಅಂತ ಒಂದು ಭಾಗ ಇಲ್ಲ. ಅವಳ ಸ್ವಂತ ದನಿ ಕೇಳುವುದು ಮುಖ್ಯವಾಗಿ ಮೊದಲ ಭಾಗದ ನಡುನಡುವೆ ಬರುವ ಆ ಕನಸಿನ ತುಣುಕುಗಳಲ್ಲಿ. ಕಾರಣ ಕೊಡಲು ಅವಳ ಹತ್ತಿರ ದೇವರಿಲ್ಲ, ವೈದ್ಯರಿಲ್ಲ. ಬೇಡ ಅನ್ನುವುದೊಂದೇ ಇರುವುದು. ಅದು ಸಾಲದಾಗುತ್ತದೆ. ಅತ್ತೆ ಹೇಳದಿದ್ದರೆ ನಾನು ಇದನ್ನು ಸುಮ್ನೆ ಮನಸ್ಸು ಕೆಟ್ಟ ಹೆಂಗಸಿನ ಕಥೆ ಅಂತ ಓದಿ ಮುಗಿಸುತ್ತಿದ್ದೆನೇನೋ.

ಸಯಾಕಾ ಮುರಾತಾ ಅವರ ‘ಕನ್ವೀನಿಯನ್ಸ್ ಸ್ಟೋರ್ ವುಮನ್’ ಬೇಗ ಮುಗಿಯಿತು, ಮೆಟ್ರೋ ಪುಸ್ತಕ ಅದು. ಕೇಕೊಗೆ ಮೂವತ್ತಾರು ವಯಸ್ಸು, ಹದಿನೆಂಟು ವರ್ಷದಿಂದ ಒಂದೇ ಅಂಗಡಿಯಲ್ಲಿ ಪಾರ್ಟ್ ಟೈಮ್ ಕೆಲಸ, ಮದುವೆಯಿಲ್ಲ. ಅವಳಿಗೇನೂ ಬೇಜಾರಿಲ್ಲ, ಬೇಜಾರು ಉಳಿದವರಿಗೆ. ಕೆಲಸಕ್ಕೆ ಬಾರದ ಒಬ್ಬ ಗಂಡಸನ್ನು ಮನೆಯಲ್ಲಿ ಇಟ್ಟುಕೊಂಡ ಕೂಡಲೇ ತಂಗಿಗೆ, ಗೆಳತಿಯರಿಗೆ ಹಬ್ಬ. ಅವನು ಸ್ನಾನದ ಮನೆಯಲ್ಲಿ ಬಿದ್ದುಕೊಂಡಿರುತ್ತಾನೆ! ಅವನು ಎಂಥವನು ಅನ್ನೋದು ಯಾರಿಗೂ ಬೇಕಿಲ್ಲ. ನನ್ನ ನಾದಿನಿಗೆ ಮೂವತ್ತಮೂರು, ಮದುವೆ ಬೇಡ ಅಂದಿದ್ದಾಳೆ. ಈ ಕಥೆಯನ್ನು ಅತ್ತೆಗೆ ಪೂರ್ತಿ ಹೇಳಿದೆ, ಏನೂ ಬಿಡದೆ. ಅವರು ಏನೂ ಅನ್ನಲಿಲ್ಲ. ಆದರೆ ಆ ವಾರ ಫೋನಿನಲ್ಲಿ ಮಗಳ ಹತ್ತಿರ ಹುಡುಗನ ವಿಷಯ ಎತ್ತಲಿಲ್ಲ.

ಕಷ್ಟವಾದದ್ದು ಒಮಾನಿನ ಜೋಖಾ ಅಲ್‌ಹಾರ್ಥಿ ಅವರ ‘ಸೆಲೆಸ್ಟಿಯಲ್ ಬಾಡೀಸ್’. ಅರಬ್ಬಿಯಿಂದ ಬಂದು 2019ರ ಅಂತರರಾಷ್ಟ್ರೀಯ ಬೂಕರ್ ಪಡೆದ ಕಾದಂಬರಿ. ಮೂವರು ಅಕ್ಕತಂಗಿಯರು. ದೊಡ್ಡವಳು ಮಯ್ಯಾ ಸಿಂಗರ್ ಹೊಲಿಗೆ ಮೆಷಿನ್ನಿನ ಮುಂದೆ ತಲೆ ತಗ್ಗಿಸಿ ಕೂತೇ ಇರುತ್ತಾಳೆ. ಕಾಲ ಹಿಂದೆ ಮುಂದೆ ಜಿಗಿಯುತ್ತದೆ, ಹೆಸರುಗಳು ಹತ್ತಾರು. ವಂಶವೃಕ್ಷ ಬರೆದುಕೊಂಡು ಓದಿದೆ. ನೀವೂ ಹಾಗೇ ಮಾಡಿ, ಇಲ್ಲದಿದ್ದರೆ ಅರ್ಧದಲ್ಲೇ ಕೈಬಿಡುತ್ತೀರಿ. ಒಮಾನಿನಲ್ಲಿ ಗುಲಾಮಗಿರಿ ಕಾನೂನಿನಿಂದ ಹೋದದ್ದು 1970ರಲ್ಲಿ. ಜೀತದಲ್ಲೇ ಹುಟ್ಟಿದ ಜರೀಫಾ ಇದರ ಅತಿ ಗಟ್ಟಿ ಪಾತ್ರ. ಒಡೆಯನ ತಾಯಿಲ್ಲದ ಮಗನನ್ನು ಸಾಕಿದವಳು ಅವಳು.

ಕೊನೆಯ ವಾರ ಹಾಸನದ ಬಾನು ಮುಷ್ತಾಕ್. ದೀಪಾ ಭಾಸ್ತಿ ಅವರ ಅನುವಾದ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಗೆದ್ದಾಗ ನಮ್ಮ ಮನೆಯಲ್ಲೂ ಸಿಹಿ ಹಂಚಿದ್ದೆವು. ಈ ಸಲ ಕನ್ನಡದ್ದನ್ನೇ ತೆಗೆದು ‘ಎದೆಯ ಹಣತೆ’ ಗಟ್ಟಿಯಾಗಿ ಓದಿದೆ. ಗಂಡ ಬೇರೊಬ್ಬಳ ಹಿಂದೆ ಹೋದ ಅಂತ ಮೆಹರುನ್ ತವರಿಗೆ ಬಂದರೆ, ಅಣ್ಣಂದಿರೇ ಅವಳನ್ನು ವಾಪಸು ಬಿಟ್ಟು ಬರುತ್ತಾರೆ. ಜಾವಾದ ಗುಮಾಸ್ತ, ಕೊರಿಯಾದ ಅಪ್ಪ, ನಮ್ಮ ಕಡೆಯ ಅಣ್ಣಂದಿರು. ಯೋಂಗ್‌ಹೇ ಕಥೆ ಕೇಳಿ ಬಂದಿದ್ದ ಅತ್ತೆಗೆ ಇದನ್ನು ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಇದನ್ನೇ ಮೊದಲು ಓದಿದ್ದರೆ ‘ಅದು ಅವರ ಮನೆಯ ವಿಷಯ’ ಅಂದುಬಿಡುತ್ತಿದ್ದರೋ ಏನೋ.

ನೀವು ಶುರು ಮಾಡುವುದಾದರೆ ಮುರಾತಾ ಮೊದಲು, ಪ್ರಮುದ್ಯ ಆಮೇಲೆ. ಹಾನ್ ಕಾಂಗ್ ಓದುವ ವಾರ ಬೇರೇನೂ ಇಟ್ಟುಕೊಳ್ಳಬೇಡಿ. ಪ್ರಮುದ್ಯ ಅವರ ಬುರು ಕಾದಂಬರಿಗಳು ಒಟ್ಟು ನಾಲ್ಕು. ನ್ಯಾಯಿಯ ಕಥೆ ಮುಂದೇನಾಯಿತು ಅಂತ ಅತ್ತೆ ಕೇಳುತ್ತಲೇ ಇದ್ದಾರೆ. ಎರಡನೆಯದು ಚರ್ಚ್ ಸ್ಟ್ರೀಟಿನಲ್ಲಿ ಇನ್ನೂ ಕಣ್ಣಿಗೆ ಬಿದ್ದಿಲ್ಲ, ಈ ಶನಿವಾರ ಮತ್ತೆ ಹೋಗುತ್ತಿದ್ದೇನೆ.