ತಣಿಯುವಾಗ ಸೋರುವ ಕೂಲಂಟ್: ನನ್ನ ಅನುಭವ

ಕೆಂಪು ದೀಪ ಮಿನುಗಿ ಬೀಪ್ ಬೀಪ್ ಅಂದರೆ ಏನೆಂದು ನಿಮಗೆ ಗೊತ್ತು: ಕೂಲಂಟ್, ಅಂದರೆ ಇಂಜಿನ್ ತಣಿಸುವ ದ್ರವ, ಕಡಿಮೆಯಾಗಿದೆ. ನನ್ನ ಡೀಸೆಲ್ ಹ್ಯಾಚ್‌ಬ್ಯಾಕಿನಲ್ಲಿ ಅದು ಒಂದೂವರೆ ವರ್ಷದ ಹತ್ತಿರ ಹತ್ತುತ್ತಾ ಆರುತ್ತಾ ಇತ್ತು. ಅದಕ್ಕಾಗಿ ಮಂಗಳೂರಿನ ಒಂದು ವರ್ಕ್‌ಶಾಪಿಗೆ ಕೊಟ್ಟ ದುಡ್ಡು ಇಪ್ಪತ್ತೈದು ಸಾವಿರ ದಾಟಿತ್ತು. ಕೊನೆಗೆ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ನಮ್ಮ ಮನೆಯ ಅಂಗಳದಲ್ಲಿ, ಸೈಕಲ್ ಪಂಪ್ ಹಿಡಿದು ನಾನೇ ಕಾರಣ ಹುಡುಕಿದೆ. ರಿಪೇರಿಗೆ ಬಿದ್ದದ್ದು ಕೂಲಂಟ್ ಸೇರಿ ಎರಡು ಸಾವಿರದ ಆಸುಪಾಸು. ಪಂಪ್ ಹೊಡೆದು ಪತ್ತೆ ಮಾಡುವ ಕಾಲ ಹೋಯಿತು, ಈಗ ಸ್ಕ್ಯಾನರ್ ಇದೆ ಎಂದು ಹೇಳಿದವರು ಕೆಲವರಿದ್ದಾರೆ. ಅವರಿಗಾಗಿ ಮತ್ತು ಇದೇ ದೀಪದ ಕಾಟದಲ್ಲಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಕಥೆ. ದೀಪ ಮೊದಲ ಸಲ ಹತ್ತಿದಾಗ ವರ್ಕ್‌ಶಾಪಿನವರು ಕೂಲಂಟ್ ಟ್ಯಾಂಕಿನ ಕ್ಯಾಪ್ ಬದಲಿಸಿದರು. ಆರುನೂರೋ ಏಳುನೂರೋ ಆಯಿತು. ತಿಂಗಳೊಳಗೆ ದೀಪ ಮತ್ತೆ ಬಂತು. ಮಟ್ಟ ತಿಳಿಸುವ ಸೆನ್ಸರ್ ಹೋಗಿದೆ ಎಂದರು. ಈ ಗಾಡಿಯಲ್ಲಿ ಸೆನ್ಸರಿನ ಎರಡು ಪಿನ್ ಟ್ಯಾಂಕಿನ ಒಳಗೇ ಕೂತಿರುತ್ತವೆ, ಹಾಗಾಗಿ ಪೂರ್ತಿ ಟ್ಯಾಂಕ್ ಹೊಸದು. ಎರಡೂವರೆ ಸಾವಿರ. ಮತ್ತೆ ದೀಪ. ಆಮೇಲೆ ವಾಟರ್ ಪಂಪ್. ಪಂಪ್ ಬಿಚ್ಚುವಾಗ ಟೈಮಿಂಗ್ ಬೆಲ್ಟ್ ಕೂಡ ಹಾಕಿಬಿಡಿ ಎಂದರು. ಅದು ಸರಿಯಾದ ಮಾತೇ, ಆದರೆ ಕೂಲಿ, ಕೂಲಂಟ್ ಫ್ಲಶ್ ಎಲ್ಲ ಸೇರಿ ಇಪ್ಪತ್ತೆರಡು ಸಾವಿರದ ಬಿಲ್ಲು. ಪಂಪ್ ಬದಲಿಸಿದ ಮೇಲೂ ಟ್ಯಾಂಕ್ ಇಳಿಯುತ್ತಲೇ ಇತ್ತು. ಕೊನೆಗೆ ಬಂದದ್ದು ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲಿನ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲ್) ಹೋಗಿದೆ ಎಂಬ ತೀರ್ಪು, ಅರುವತ್ತೈದು ಸಾವಿರದ ಅಂದಾಜು ಪಟ್ಟಿ ಸಮೇತ. ಬದಿಯಡ್ಕದ ನಮ್ಮ ಪರಿಚಯದ ಮೆಕ್ಯಾನಿಕ್ ಕೂಡ ಬಾನೆಟ್ ಎತ್ತಿ ನೋಡಿ, "ಹೆಡ್ ಗ್ಯಾಸ್ಕೆಟ್ ಪೋಯಿ" ಎಂದು ಮಲಯಾಳದಲ್ಲಿ ಹೇಳಿಬಿಟ್ಟ, ಗ್ಯಾಸ್ಕೆಟ್ ಹೋಯಿತು ಎಂದು. ಆ ವರ್ಷ ಕೊಳೆರೋಗ ಬಂದು ಅಡಿಕೆ ಅರ್ಧ ಉದುರಿತ್ತು. ಅರುವತ್ತೈದು ಸಾವಿರ ಎಲ್ಲಿಂದ ತರುವುದು?

ಗಾಡಿ ಮನೆಗೆ ತಂದೆ. ಬದಲಿಸಿದ ಹಳೇ ಟ್ಯಾಂಕ್, ಹಳೇ ಕ್ಯಾಪ್ ಎರಡನ್ನೂ ಆಗಲೇ ಕೇಳಿ ಇಸಿದುಕೊಂಡಿದ್ದೆ. ಮುಂದೆ ಅವೇ ನನ್ನ ಕೈ ಹಿಡಿದವು. ಹಳೇ ಪಾರ್ಟ್ ಯಾವತ್ತೂ ಅಲ್ಲೇ ಬಿಟ್ಟು ಬರಬೇಡಿ.

ದೀಪ ನಿಜ ಹೇಳುತ್ತಿದೆಯಾ ಎಂದು ನೋಡುವುದು ಮೊದಲ ಕೆಲಸ. ಸೆನ್ಸರಿನ ಪ್ಲಗ್ ಕಿತ್ತರೆ ದೀಪ ಹತ್ತುತ್ತದೆ, ಪ್ಲಗ್ಗಿನ ಎರಡು ತುದಿಯನ್ನು ತಂತಿಯಿಂದ ಸೇರಿಸಿದರೆ ಆರುತ್ತದೆ. ಅಂದರೆ ವೈರಿಂಗ್ ಸರಿ ಇದೆ. ಇನ್ನೊಂದು ವಿಷಯ ಇದೆ. ಈ ಪಿನ್‌ಗಳು ನೋಡುವುದು ನೀರಿನ ಎತ್ತರವನ್ನಲ್ಲ, ಪಿನ್ನಿಂದ ಪಿನ್ನಿಗೆ ಕರೆಂಟ್ ಹರಿಯುತ್ತದೆಯಾ ಎಂಬುದನ್ನು. ಇದನ್ನು ಹಳೇ ಟ್ಯಾಂಕಿನಲ್ಲಿ ಮಲ್ಟಿಮೀಟರ್ ಹಿಡಿದು ನೋಡಿದೆ. ಬರೀ ಬ್ಯಾಟರಿ ನೀರು (ಡಿಸ್ಟಿಲ್ಡ್ ವಾಟರ್) ಹಾಕಿದರೆ ರೆಸಿಸ್ಟೆನ್ಸ್ ಎಲ್ಲೋ ಮೇಲೆ. ನಮ್ಮ ಬಾವಿ ನೀರು ಹಾಕಿದರೂ ಹೆಚ್ಚು ಇಳಿಯಲಿಲ್ಲ. ನಮ್ಮ ಮುರಕಲ್ಲಿನ ನೆಲದ ಬಾವಿ ನೀರು ಹಾಗೇ, ತೀರಾ ಮೆದು, ಸ್ವಲ್ಪ ಹುಳಿ. ಕೂಲಂಟ್ ಬೆರೆಸಿದ ಕೂಡಲೇ ರೆಸಿಸ್ಟೆನ್ಸ್ ಸರಕ್ಕನೆ ಕೆಳಗೆ ಬಂತು. ಟ್ಯಾಂಕ್ ತುಂಬಿದ್ದರೂ ದೀಪ ಬರುವ ಕೆಲವು ಗಾಡಿಗಳ ಗುಟ್ಟು ಇದೇ. ಸುಮ್ನೆ ಡಿಸ್ಟಿಲ್ಡ್ ವಾಟರ್ ಟಾಪ್ ಅಪ್ ಮಾಡುತ್ತಾ ಹೋದವರು ಗಮನಿಸಿ. ಆದರೆ ನನ್ನ ಗಾಡಿಯಲ್ಲಿ ನಿಜವಾಗಿಯೂ ಮಟ್ಟ ಇಳಿಯುತ್ತಿತ್ತು. ದೀಪದ ತಪ್ಪಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಒಂದು ಹಳೇ ಡೈರಿ ತೆಗೆದುಕೊಂಡೆ. ದಿನಾ ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗ, ಅಂಗಳದ ಅದೇ ಜಾಗದಲ್ಲಿ ಗಾಡಿ ನಿಂತಿರುವಾಗ, ಟ್ಯಾಂಕಿನ ಮೇಲೆ ಮಾರ್ಕರಿನಿಂದ ಗೆರೆ ಎಳೆಯುವುದು. ಹಿಂದಿನ ದಿನ ಎಷ್ಟು ದೂರ ಓಡಿದೆ, ಎಷ್ಟು ಸಲ ಬಿಸಿಯಾಗಿ ಪೂರ್ತಿ ತಣಿದಿದೆ ಎಂದು ಬರೆಯುವುದು. ಮೊದಲು ಕಿಲೋಮೀಟರ್ ಮಾತ್ರ ಬರೆಯುತ್ತಿದ್ದೆ. ಅದರಲ್ಲಿ ತಲೆಬುಡ ಕಾಣಲಿಲ್ಲ. ಒಂದು ವಾರ ನೂರು ಕಿಲೋಮೀಟರಿಗೆ ಬೆರಳಗಲ ಇಳಿದರೆ, ಇನ್ನೊಂದು ವಾರ ಅಷ್ಟೇ ದೂರಕ್ಕೆ ಗೆರೆ ಅಲುಗಿಯೇ ಇಲ್ಲ. ಅಷ್ಟರಲ್ಲಿ ಬೆಂಗಳೂರಿಗೆ ಹೋಗಬೇಕಾಯಿತು. ವಿಟ್ಲ, ಪುತ್ತೂರು, ಉಪ್ಪಿನಂಗಡಿ ದಾಟಿ ಶಿರಾಡಿ ಘಾಟಿ ಹತ್ತಿ ಹೋದದ್ದು. ನಾಲ್ಕು ಜನ, ಡಿಕ್ಕಿ ತುಂಬ ತೆಂಗಿನಕಾಯಿ, ಎಸಿ ಹಾಕಿ ಎಳೆಸಿದೆ. ಹೆಡ್ ಗ್ಯಾಸ್ಕೆಟ್ ಹೋದ ಗಾಡಿಯಾದರೆ ಗುಂಡ್ಯ ದಾಟಿದ ಮೇಲೆ ಕುದಿಯಬೇಕು ಅಲ್ವಾ? ಮರುದಿನ ಬೆಳಿಗ್ಗೆ ನೋಡಿದರೆ ಗೆರೆ ಇದ್ದಲ್ಲೇ ಇದೆ. ವಾಪಸು ಬಂದು ಪೆರ್ಲ ಪೇಟೆ, ಸೊಸೈಟಿ, ಬ್ಯಾಂಕ್, ಮಕ್ಕಳ ಶಾಲೆ ಎಂದು ಚಿಕ್ಕ ಚಿಕ್ಕ ಓಡಾಟ ಶುರುವಾಯಿತು. ವಾರದೊಳಗೆ ದೀಪ ಹತ್ತಿತು.

ಆಗಲೇ ನನಗೆ ಹೊಳೆದದ್ದು. ಕೂಲಂಟ್ ಹೋಗುವುದು ಕಿಲೋಮೀಟರ್ ಲೆಕ್ಕದಲ್ಲಿ ಅಲ್ಲ, ಬಿಸಿಯಾಗಿ ತಣಿದ ಲೆಕ್ಕದಲ್ಲಿ. ಎಲ್ಲೋ ಒಂದು ಜೋಡಣೆ ಬಿಸಿಯಲ್ಲಿ ಹಿಗ್ಗಿ ಬಿಗಿಯಾಗುತ್ತದೆ. ಇಂಜಿನ್ ತಣಿಯುತ್ತಾ ಬಂದಾಗ ಪ್ಲಾಸ್ಟಿಕ್ಕೂ ರಬ್ಬರೂ ಕುಗ್ಗುತ್ತವೆ. ಒಳಗೆ ಪ್ರೆಶರ್ ಇನ್ನೂ ಸ್ವಲ್ಪ ಉಳಿದಿರುತ್ತದೆ. ಆ ಹೊತ್ತಿನಲ್ಲಿ ನಾಲ್ಕು ಹನಿ ಹೊರಗೆ. ಈ ಮಾತನ್ನು ವರ್ಕ್‌ಶಾಪಿನ ಸೂಪರ್‌ವೈಸರಿಗೆ ಫೋನಿನಲ್ಲಿ ಹೇಳಿದೆ. ನಾವು ಪ್ರೆಶರ್ ಟೆಸ್ಟ್ (ಟ್ಯಾಂಕಿಗೆ ಗಾಳಿ ತುಂಬಿ ಒತ್ತಡ ಇಳಿಯುತ್ತದಾ ಎಂದು ನೋಡುವುದು) ಮಾಡಿದ್ದೇವೆ, ಲೀಕ್ ಇಲ್ಲ ಎಂದರು. ಯಾವಾಗ ಮಾಡಿದ್ದು ಎಂದು ಕೇಳಿದೆ. ನಾನು ಪೆರ್ಲದಿಂದ ಓಡಿಸಿ ತಂದ ಕೂಡಲೇ, ಹತ್ತು ನಿಮಿಷ ಎಂದು ಉತ್ತರ ಬಂತು. ಬಿಸಿ ಇಂಜಿನ್! ಅಲ್ಲಿ ಏನು ಕಾಣಬೇಕು?

ಪ್ರೆಶರ್ ಟೆಸ್ಟರ್ ಕಿಟ್ಟಿಗೆ ನಾಲ್ಕೈದು ಸಾವಿರ ಇತ್ತು, ಆದ್ದರಿಂದ ನಾನೇ ಮಾಡಿದೆ. ಹಳೇ ಕ್ಯಾಪಿನ ನಡುವೆ ತೂತು ಕೊರೆದು ಟ್ಯೂಬ್‌ಲೆಸ್ ಟಯರಿನ ವಾಲ್ವ್ ಎಳೆದು ಕೂರಿಸಿದೆ. ಕ್ಯಾಪಿನ ಒಳಗಿನ ರಿಲೀಫ್ ವಾಲ್ವ್ (ಹೆಚ್ಚಿನ ಪ್ರೆಶರ್ ಹೊರಗೆ ಬಿಡುವ ವಾಲ್ವ್) ಮುಚ್ಚಬೇಕು. ಅದನ್ನು ಯಾವುದರಿಂದ, ಹೇಗೆ ಮುಚ್ಚಿದೆ ಎಂದು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನನ್ನ ಕೆಲವು ಭಾನುವಾರಗಳು ಹೋಗಿವೆ. ಮನೆಗೆ ಬಂದವರಿಗೆ ತೋರಿಸುತ್ತೇನೆ. ಪ್ರೆಶರ್ ಅಳೆಯಲು ಮೊದಲು ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವ ಪಂಪಿನ ಗೇಜ್ ಹಾಕಿ ನೋಡಿದೆ. ಅದು ನಲುವತ್ತು ಬಾರ್ ತೋರಿಸುವಂಥದ್ದು, ಒಂದು ಬಾರ್ ಒತ್ತಡಕ್ಕೆ ಮುಳ್ಳು ಕದಲುವುದೇ ಇಲ್ಲ. ಕಾಸರಗೋಡಿನ ಹಾರ್ಡ್‌ವೇರ್ ಅಂಗಡಿಯಿಂದ 2.5 ಬಾರಿನ ಗೇಜ್ ತಂದೆ, ನಾನೂರು ರೂಪಾಯಿ ಇರಬೇಕು. ಅದರ ಜೊತೆಗೆ ಸೈಕಲ್ ಪಂಪ್, ಟೀ ಜಾಯಿಂಟ್, ಎರಡು ಕ್ಲಿಪ್.

ನನ್ನ ಉಪಕರಣವೇ ಸೋರಿದರೆ ಪರೀಕ್ಷೆಗೆ ಅರ್ಥವಿಲ್ಲ. ಅದಕ್ಕೆ ಹಳೇ ಟ್ಯಾಂಕಿನ ಪೈಪ್ ಬಾಯಿಗಳಿಗೆ ರಬ್ಬರ್ ಸುತ್ತಿದ ಮರದ ಬೆಣೆ ಹೊಡೆದು, ಕ್ಯಾಪ್ ಹಾಕಿ, 1.2 ಬಾರ್ ತುಂಬಿಸಿ ದನದ ಕಲ್ಲುಮರಿಗೆಯಲ್ಲಿ ಮುಳುಗಿಸಿದೆ. ಒಂದೂ ಗುಳ್ಳೆ ಬರಲಿಲ್ಲ. ಗಾಡಿಯ ಕ್ಯಾಪಿನ ಮೇಲೆ 1.4 ಬಾರ್ ಎಂದು ಅಚ್ಚಾಗಿದೆ. ನಾನು 1.2 ದಾಟಿಸಲಿಲ್ಲ, ನೀವೂ ದಾಟಿಸಬೇಡಿ. ಇಂಜಿನ್ ಬಿಸಿ ಇರುವಾಗ ಕ್ಯಾಪ್ ಮುಟ್ಟಲೇಬೇಡಿ.

ಸಂಜೆ, ಗಾಡಿ ಓಡಿಸಿ ಬಂದು ಸ್ವಲ್ಪ ಆರಿಸಿ, ಇನ್ನೂ ಬೆಚ್ಚಗಿರುವಾಗ ಒಂದು ಸಲ ಮಾಡಿದೆ. ಮುಳ್ಳು ಕಲ್ಲಿನಂತೆ ನಿಂತಿತು. ವರ್ಕ್‌ಶಾಪಿನವರು ಕಂಡದ್ದು ಇದನ್ನೇ. ಮರುದಿನ ಬೆಳಗಿನ ಐದೂವರೆಗೆ, ರಾತ್ರಿಯೆಲ್ಲ ನಿಂತ ಇಂಜಿನ್ನಿಗೆ ಅದೇ 1.2 ತುಂಬಿಸಿದೆ. ಡಿಸೆಂಬರ್ ತಿಂಗಳು, ನಮ್ಮಲ್ಲಿ ಒಳ್ಳೆ ಚಳಿಯ ಹೊತ್ತು. ಹಾಲು ಕರೆದು ಬರುವಷ್ಟರಲ್ಲಿ ಮುಳ್ಳು 1.1. ಕಾಫಿ ಕುಡಿದು ಬಂದಾಗ 0.9. ಆ ಖುಷಿಯನ್ನು ಹೇಗೆ ಹೇಳಲಿ! ಸೋರುತ್ತಿದೆ ಎಂದು ಯಾರಾದರೂ ಖುಷಿಪಡುತ್ತಾರಾ ಎಂದು ಮನೆಯವರು ಕೇಳಿದರು. ಒಂದೂವರೆ ವರ್ಷ ಹುಡುಕಿದವನಿಗೆ ಖುಷಿಯಾಗದೆ ಇರುತ್ತದಾ?

ಎಲ್ಲಿ ಸೋರುತ್ತದೆ ಎಂಬುದು ಆಮೇಲಿನ ತಲೆನೋವು. ಗಾಡಿಯ ಕೆಳಗೆ ಒಣಗಿದ ಅಡಿಕೆ ಹಾಳೆ ಸಾಲಾಗಿ ಹಾಸಿದೆ. ಹಾಳೆಯ ಬಿಳಿ ಮೈಮೇಲೆ ಗುಲಾಬಿ ಹನಿ ಬಿದ್ದರೆ ಚೆನ್ನಾಗಿ ಕಾಣುತ್ತದೆ. ಆದರೆ ಎರಡು ರಾತ್ರಿ ಏನೂ ಬೀಳಲಿಲ್ಲ. ಕಾರಣ ಕೆಳಗಿನ ಅಂಡರ್ ಕವರ್. ಹನಿಯನ್ನೆಲ್ಲ ಅದೇ ಹಿಡಿದಿಟ್ಟುಕೊಳ್ಳುತ್ತದೆ. ಮರುದಿನ ಇಂಜಿನ್ ಬಿಸಿಗೆ ಅದು ಆರಿ ಹೋಗುತ್ತದೆ. ಕವರ್ ಬಿಚ್ಚಿದೆ. ಒಳಮೈಯಲ್ಲಿ ಬಿಳಿ-ಗುಲಾಬಿ ಹುಡಿ ಕಟ್ಟಿತ್ತು. ಮತ್ತೆ ಹಾಳೆ ಹಾಸಿದೆ. ಬೆಳಿಗ್ಗೆ ಗೇರ್‌ಬಾಕ್ಸ್ ಬೆಲ್ ಹೌಸಿಂಗಿನ (ಇಂಜಿನ್ನಿಗೆ ಗೇರ್‌ಬಾಕ್ಸ್ ಕೂಡುವ ಕಡೆಯ ಕವಚ) ನೇರ ಕೆಳಗೆ ಎರಡು ಹನಿ. ನಾಯಿ, ಬೆಕ್ಕು ಇರುವವರು ಹಾಳೆ ಕೂಡಲೇ ತೆಗೆದು ತೊಳೆಯಿರಿ. ಕೂಲಂಟ್ ಸಿಹಿ, ಅವು ನೆಕ್ಕುತ್ತವೆ. ಸ್ವಲ್ಪ ಹೊಟ್ಟೆಗೆ ಹೋದರೂ ಕಿಡ್ನಿ ಹೋಗುತ್ತದೆ. ಆ ದಿನಗಳಲ್ಲಿ ನಮ್ಮ ನಾಯಿಯನ್ನು ಹಿಂದಿನ ಹಟ್ಟಿಯಲ್ಲೇ ಕಟ್ಟಿದ್ದೆ.

ನಿಖರ ಜಾಗ ಕಾಣಲು ಕೂಲಂಟಿಗೆ ಯುವಿ ಡೈ, ಅಂದರೆ ಯುವಿ ಟಾರ್ಚಿನ ಬೆಳಕಿಗೆ ಹೊಳೆಯುವ ಬಣ್ಣ, ಹಾಕಿದೆ. ಡೈ ಬಾಟಲಿ, ಟಾರ್ಚ್ ಎರಡೂ ಸೇರಿ ಏಳೆಂಟು ನೂರು. ಎರಡು ದಿನ ಪೇಟೆಗೆ ಓಡಾಡಿ, ರಾತ್ರಿ ಬ್ಯಾಟರಿಯನ್ನೂ ಏರ್ ಫಿಲ್ಟರ್ ಪೆಟ್ಟಿಗೆಯನ್ನೂ ಎತ್ತಿ ಟಾರ್ಚ್ ಹಾಕಿದೆ. ಹೆಡ್ಡಿನ ತುದಿಯಲ್ಲಿ, ಗೇರ್‌ಬಾಕ್ಸ್ ಬದಿಗೆ ಒಂದು ಪ್ಲಾಸ್ಟಿಕ್ ಫ್ಲೇಂಜ್ ಇದೆ, ಹೋಸ್‌ಗಳು ಕೂಡುವ ಜಾಗ. ಅದರ ಕೆಳ ಅಂಚಿನಿಂದ ಹಸಿರು ಹೊಳೆಯುವ ನೂಲಿನಂಥ ಗೆರೆ ಬೆಲ್ ಹೌಸಿಂಗಿನವರೆಗೆ ಇಳಿದಿತ್ತು. ಹಗಲಲ್ಲಿ ಅಲ್ಲಿ ಏನೂ ಕಾಣುವುದಿಲ್ಲ. ಟಾರ್ಚಿನ ವಿಷಯ ಬಂತು, ಇದೂ ಹೇಳುತ್ತೇನೆ. ಅದೇ ರಾತ್ರಿ ಟಾರ್ಚ್ ಹಿಡಿದು ಅಡಿಕೆ ಸಿಪ್ಪೆ ರಾಶಿಯ ಹತ್ತಿರ ಹೋದೆ. ಚೇಳುಗಳು ಯುವಿ ಬೆಳಕಿಗೆ ನೀಲಿ-ಹಸಿರಾಗಿ ಹೊಳೆಯುತ್ತವೆ ಎಂದು ಕೇಳಿದ್ದೆ. ನಿಜ. ಅಷ್ಟು ಚೇಳು ನಮ್ಮ ಜಾಗದಲ್ಲಿ ಇದೆ ಎಂದು ಗೊತ್ತೇ ಇರಲಿಲ್ಲ. ಈಗ ಕೆಲಸದವರು ಸಿಪ್ಪೆ ತುಂಬುವ ಮೊದಲು ಟಾರ್ಚ್ ಹಾಕಿ ನೋಡುತ್ತಾರೆ.

ಹೆಡ್ ಗ್ಯಾಸ್ಕೆಟ್ ಬಗ್ಗೆ ಪೂರ್ತಿ ಸಂಶಯ ಹೋಗಲಿ ಎಂದು ಬ್ಲಾಕ್ ಟೆಸ್ಟರ್ ಕೂಡ ತರಿಸಿದೆ, ಎರಡು ಸಾವಿರದ ಚಿಲ್ಲರೆ. ಟ್ಯಾಂಕಿನ ಬಾಯಿಗೆ ಹಿಡಿದು ಒಳಗಿನ ಗಾಳಿ ಎಳೆದರೆ, ಸಿಲಿಂಡರಿನ ಹೊಗೆ ಕೂಲಂಟಿಗೆ ಸೇರಿದ್ದರೆ ಟೆಸ್ಟರಿನೊಳಗಿನ ನೀಲಿ ನೀರಿನ ಬಣ್ಣ ಬದಲಾಗುತ್ತದೆ. ಪೆಟ್ರೋಲಿಗೆ ಹಳದಿ, ಡೀಸೆಲಿಗೆ ಹಸಿರು. ನನ್ನದು ನೀಲಿಯಾಗಿಯೇ ಉಳಿಯಿತು. ಆದರೆ ಈ ನೀರೇ ಕೆಟ್ಟಿದ್ದರೆ? ಬಾಯಿಂದ ಊದಿ ನೋಡಿದೆ. ಬಣ್ಣ ತಿರುಗಿತು. ಸ್ವಲ್ಪ ಹೊತ್ತು ಗಾಳಿಗೆ ಇಟ್ಟಾಗ ಮತ್ತೆ ನೀಲಿ. ಆಮೇಲೆ ಗೋಬರ್ ಗ್ಯಾಸಿನ ಪೈಪಿಗೆ ಹಿಡಿದೆ. ಎರಡು ಸಲ ಎಳೆಯುವಷ್ಟರಲ್ಲಿ ಹಳದಿ! ಗೋಬರ್ ಗ್ಯಾಸಿನಲ್ಲಿ ಮೂರನೇ ಒಂದು ಪಾಲಿನಷ್ಟು ಕಾರ್ಬನ್ ಡೈಆಕ್ಸೈಡ್ ಇರುತ್ತದೆ, ಈ ನೀರು ಹಿಡಿಯುವುದೂ ಅದನ್ನೇ. ನೀರು ಸರಿ ಇದೆ, ಹೆಡ್ಡೂ ಸರಿ ಇದೆ. ಅರುವತ್ತೈದು ಸಾವಿರ ಉಳಿಯಿತು.

ಸ್ಟಾಪ್ ಲೀಕ್ (ಕೂಲಂಟಿಗೆ ಹಾಕಿ ಸೋರುವ ತೂತು ಮುಚ್ಚಿಸುವ ಮದ್ದು) ಹಾಕು ಎಂದು ಹೇಳಿದವರೂ ಇದ್ದರು. ಹಿಂದೆ ನಮ್ಮ ಕಡೆಯ ಜೀಪ್ ಡ್ರೈವರ್‌ಗಳು ರೇಡಿಯೇಟರಿಗೆ ಅರಿಶಿನ ಪುಡಿ ಹಾಕುತ್ತಿದ್ದರು. ಆ ದಪ್ಪ ರೇಡಿಯೇಟರಿಗೆ ಅದು ನಡೆಯುತ್ತಿತ್ತು. ಈಗಿನ ಸಣ್ಣ ತೂತಿನ ಹೀಟರ್ ಕೋರಿಗೆ ಪುಡಿ ಹೋದರೆ ಅಲ್ಲಿಗೆ ಮುಗಿಯಿತು. ನಾನು ಒಪ್ಪಲಿಲ್ಲ.

ಫ್ಲೇಂಜ್ ಬಿಚ್ಚಿದಾಗ ಓ-ರಿಂಗ್ (ಸೋರದಂತೆ ಕೂರಿಸುವ ರಬ್ಬರ್ ಉಂಗುರ) ಚಪ್ಪಟೆಯಾಗಿ ಗಟ್ಟಿಯಾಗಿತ್ತು. ಫ್ಲೇಂಜಿನ ಮೈಗೆ ಸ್ಟೀಲ್ ಸ್ಕೇಲ್ ಇಟ್ಟರೆ ನಡುವೆ ಬೆಳಕು ಕಾಣುತ್ತಿತ್ತು, ಅಷ್ಟು ಬಾಗಿತ್ತು. ಅದಕ್ಕೆ ರಿಂಗ್ ಮಾತ್ರ ಬದಲಿಸದೆ ಒರಿಜಿನಲ್ ಫ್ಲೇಂಜನ್ನೇ ತರಿಸಿದೆ, ಒಂಬೈನೂರು ಕೊಟ್ಟ ನೆನಪು. ಒರಿಜಿನಲ್ ಅಲ್ಲದ್ದು ಮುನ್ನೂರೈವತ್ತಕ್ಕೂ ಸಿಗುತ್ತಿತ್ತು, ಅದು ಬೇಡ. ಕೂಲಂಟ್ ಎರಡು ಲೀಟರ್ ಹೋಯಿತು. ಅದೇ ಬಣ್ಣದ, ಅದೇ ಗ್ರೇಡಿನದ್ದನ್ನೇ ಡಿಸ್ಟಿಲ್ಡ್ ವಾಟರಿಗೆ ಅರ್ಧಕ್ಕರ್ಧ ಬೆರೆಸಿ ತುಂಬಿಸಿದೆ. ವ್ಯಾಕ್ಯೂಮ್ ಮೆಷಿನ್ ಇಲ್ಲದೆ ಏರ್ ಲಾಕ್ (ಒಳಗೆ ಸಿಕ್ಕಿಕೊಂಡ ಗಾಳಿ) ತೆಗೆಯಲು ನನ್ನದೇ ಒಂದು ಕ್ರಮ ಇದೆ. ಗಾಡಿಯ ಮೂತಿ ಅಂಗಳದ ಏರಿನ ಕಡೆಗೆ ಇರಬೇಕು ಎಂದಷ್ಟೇ ಹೇಳುತ್ತೇನೆ.

ಮರುದಿನ ಬೆಳಿಗ್ಗೆ ಅದೇ ಐದೂವರೆಗೆ ಪಂಪ್ ಹೊಡೆದೆ. ಹಾಲು ಕರೆದು, ಕಾಫಿ ಕುಡಿದು, ಹೂವು ಕೊಯ್ದು ಬಂದರೂ 1.2. ಆಮೇಲೆ ಪೊಸಡಿ ಗುಂಪೆ ಗುಡ್ಡದ ಚಡಾವಿಗೆ ಎರಡನೇ ಗೇರಿನಲ್ಲಿ ಹತ್ತಿಸಿ ತಂದೆ. ಒಂದು ಮಳೆಗಾಲ, ಇನ್ನೊಂದು ಚಳಿಗಾಲ ಕಳೆದಿದೆ. ಗೆರೆ ಇದ್ದಲ್ಲೇ ಇದೆ. "ಹೆಡ್ ಗ್ಯಾಸ್ಕೆಟ್ ಪೋಯಿ" ಎಂದಿದ್ದ ಬದಿಯಡ್ಕದ ಮೆಕ್ಯಾನಿಕ್ ಈಗ ನನ್ನ ಕ್ಯಾಪನ್ನು ಸಾಲ ಒಯ್ಯುತ್ತಾನೆ. ಮುಳ್ಳೇರಿಯದ ಒಬ್ಬ ಮೇಷ್ಟ್ರ ಗಾಡಿಯಲ್ಲಿ ಬೆಳಗಿನ ಪರೀಕ್ಷೆಗೂ ಮುಳ್ಳು ಇಳಿಯಲಿಲ್ಲ, ದೀಪ ಮಾತ್ರ ಬರುತ್ತಿತ್ತು. ಅವರದ್ದು ಬರೀ ಪಿನ್ನಿನ ಕಿಲುಬು. ವಿನೆಗರಿನಲ್ಲಿ ನೆನೆಸಿ ಉಜ್ಜಿದ ಮೇಲೆ ಸರಿಯಾಯಿತು.

ಫ್ಲೇಂಜ್ ಹಾಕುವವರಿಗೆ ಒಂದು ಮಾತು. ಓ-ರಿಂಗಿಗೆ ಗ್ರೀಸ್ ಹಚ್ಚಬೇಡಿ, ಆ ರಬ್ಬರ್ ಉಬ್ಬಿ ಹಾಳಾಗುತ್ತದೆ. ಕೂಲಂಟನ್ನೇ ಬೆರಳಿಗೆ ತೆಗೆದು ಸವರಿ ಕೂರಿಸಿ. ಬೋಲ್ಟ್‌ಗಳನ್ನು ಸ್ವಲ್ಪ ಸ್ವಲ್ಪವೇ, ಎರಡೂ ಕಡೆ ಸಮವಾಗಿ ಬಿಗಿಯಿರಿ. ಪ್ಲಾಸ್ಟಿಕ್ ಅದು, ಜೋರಾಗಿ ಎಳೆದರೆ ಹೊಸ ಫ್ಲೇಂಜ್ ಕೂಡ ಮೊದಲ ದಿನವೇ ಬಾಗುತ್ತದೆ.